ನುಂಗಿಕೊಂಡ ಕೆಮ್ಮು

ಮೊದಲು ಕಂಡದ್ದು ಒಂದೇ ಒಂದು ಕೆಂಪು ಎಳೆ.

ಭಾಗ್ಯನಗರದ ನಮ್ಮ ಮನೆಯ ಪಡಸಾಲೆಯಲ್ಲಿ ಮಗ್ಗದ ಕುಣಿಯೊಳಗೆ ಕಾಲು ಬಿಟ್ಟು ಕೂತಿದ್ದೆ. ಬೆಳಗಿನ ಹತ್ತು ಗಂಟೆ ಇರಬೇಕು. ಲಾಳಿಯಲ್ಲಿ ದಾರ ಮುಗಿದಿತ್ತು. ನೂಲು ಸುತ್ತಿದ ಹೊಸ ಕಂಡಿಕೆ ಹಾಕಿ, ಲಾಳಿಯ ಕಣ್ಣಿಗೆ ತುಟಿ ಹಚ್ಚಿ ಜೋರಾಗಿ ಉಸಿರು ಎಳೆದೆ. ಹಾಗೆ ಎಳೆದರೆ ದಾರದ ತುದಿ ಸಣ್ಣ ತೂತಿನಿಂದ ಹೊರಗೆ ಬರುತ್ತದೆ. ಸೂಜಿ ಬೇಡ, ಕೊಕ್ಕೆ ಬೇಡ, ಕ್ಷಣದ ಕೆಲಸ. ನೇಕಾರರ ಮನೆಯಲ್ಲಿ ಇದನ್ನು ಯಾರೂ ಯಾರಿಗೂ ಕಲಿಸುವುದಿಲ್ಲ, ನೋಡಿ ನೋಡಿ ಬರುತ್ತದೆ. ಅವತ್ತು ಉಸಿರೆಳೆದ ಕೂಡಲೇ ಕೆಮ್ಮು ಬಂತು. ನುಂಗಲು ನೋಡಿದೆ, ಆಗಲಿಲ್ಲ. ಸೆರಗಿಗೆ ಬಾಯಿ ಒತ್ತಿ ಕೆಮ್ಮಿ, ತೆಗೆದು ನೋಡಿದರೆ ಕಫದ ನಡುವೆ ಆ ಎಳೆ. ದಾರ ಬಣ್ಣ ಬಿಟ್ಟಿರಬೇಕು ಅಂದುಕೊಂಡೆ.

ಲಾಳಿಯಲ್ಲಿದ್ದದ್ದು ಹಸಿರು ದಾರ.

ಯಾರಿಗೂ ಹೇಳಲಿಲ್ಲ. ಹೇಳದಿರಲು ನನ್ನ ಬಳಿ ಕಾರಣವಿತ್ತು. ನಾಲ್ಕು ದಿನದ ಹಿಂದೆಯಷ್ಟೇ ಕುಷ್ಟಗಿಯಿಂದ ಮಗಳು ಸುಜಾತಾ ಫೋನ್ ಮಾಡಿ, "ಅವ್ವಾ, ಮೂರು ತಿಂಗಳು ಆತು" ಅಂದಿದ್ದಳು. ಮದುವೆಯಾಗಿ ಆರು ವರ್ಷ. ಎರಡು ಸಲ ನಿಂತು ಹೋದ ಗರ್ಭ. ಮೂರನೆಯದು ಇದು. ನಮ್ಮ ಕಡೆ ಚೊಚ್ಚಲ ಬಾಣಂತನ ತವರಿನದು. ಅದನ್ನು ಮಾಡುವುದು ತಾಯಿಯ ಹಕ್ಕು, ಹೊರೆಯೆಂದು ಯಾರೂ ಅನ್ನುವುದಿಲ್ಲ. ಬಿಸಿನೀರು ಹಾಕುವ ಹಂಡೆ ಯಾವುದು, ಅಂಟಿನುಂಡಿಗೆ ಕೊಬ್ಬರಿ ಎಲ್ಲಿಂದ ತರಬೇಕು, ಬಾಣಂತಿಯ ಹೊರಸು ಯಾವ ಕೋಣೆಯಲ್ಲಿ ಹಾಕಬೇಕು ಅನ್ನುವುದನ್ನೆಲ್ಲ ಆ ನಾಲ್ಕು ದಿನಗಳಲ್ಲೇ ನಾನು ನಿರ್ಧರಿಸಿ ಮುಗಿಸಿದ್ದೆ. ಮಗ್ಗದ ಮೇಲಿದ್ದ ಹಸಿರು ಒಡಲು, ಕೆಂಪು ದಡಿಯ ಸೀರೆ ಅವಳ ಕುಬಸಕ್ಕೆಂದೇ ಹೂಡಿದ್ದು. ಏಳನೆಯ ತಿಂಗಳಲ್ಲಿ ಬಸುರಿಗೆ ಹಸಿರು ಸೀರೆ ಉಡಿಸಿ, ಹಸಿರು ಬಳೆ ಇಡಿಸುವ ಶಾಸ್ತ್ರ ಅದು. ಅಂಗಡಿಯ ಸೀರೆ ತರಲು ನಾನೇನು ಮಗ್ಗ ಇಲ್ಲದವಳೇ?

ಇಂಥ ಹೊತ್ತಿನಲ್ಲಿ ಒಂದು ಎಳೆ ರಕ್ತಕ್ಕೆ ಬಾಯಿ ಬಿಡುವುದೇ? ಸೆರಗನ್ನು ತೊಳೆದು ಹಾಕಿದೆ.

ನಿಜ ಹೇಳಬೇಕೆಂದರೆ ಕೆಮ್ಮು ಅದಕ್ಕೂ ವರ್ಷದ ಹಿಂದಿನದು. ಸಣ್ಣ ಕೆಮ್ಮು. ನಮ್ಮ ಓಣಿಯಲ್ಲಿ ಕೆಮ್ಮಿಗೆ ಇರುವುದು ಒಂದೇ ಅರ್ಥ. ನನ್ನ ಮಾವನವರು ಕ್ಷಯದಲ್ಲಿ ಹೋದವರು. ಅವರ ತಟ್ಟೆ, ಚರಿಗೆ, ಕೊನೆಗೆ ಅವರ ಮಗ್ಗವನ್ನೂ ಜನ ದೂರದಿಂದ ನೋಡುತ್ತಿದ್ದುದನ್ನು ಹೊಸ ಸೊಸೆಯಾಗಿ ಬಂದಾಗ ಕಣ್ಣಾರೆ ಕಂಡಿದ್ದೇನೆ. ಅದಕ್ಕೇ ಗಂಟಲಲ್ಲಿ ಕೆರೆತ ಎದ್ದ ಕೂಡಲೇ ನುಂಗುವುದನ್ನು ರೂಢಿ ಮಾಡಿಕೊಂಡೆ. ಬಾಯಿ ಬಿಗಿ ಹಿಡಿ, ಉಗುಳು ನುಂಗು, ಉಸಿರು ತಡೆ. ಮದುವೆ ಮನೆಯಲ್ಲಿ, ಬಸ್ಸಿನಲ್ಲಿ, ಬೀಗರ ಪಂಕ್ತಿಯಲ್ಲಿ. ಅದರಲ್ಲಿ ನಾನು ಎಷ್ಟು ಪಳಗಿದ್ದೆನೆಂದರೆ, ಒಂದೇ ಮನೆಯಲ್ಲಿದ್ದ ನನ್ನ ಗಂಡನಿಗೇ ಇದರ ಪೂರ್ತಿ ಅಂದಾಜು ಇರಲಿಲ್ಲ.

ಸೀರೆ ಮುಗಿಯುವ ಹೊತ್ತಿಗೆ ನನ್ನ ಕುಪ್ಪಸಗಳು ಸಡಿಲಾಗಿದ್ದವು. ಸಂಜೆಯಾದರೆ ಮೈ ಬೆಚ್ಚಗೆ. ಒಂದು ದಿನ ಕುಣಿಯಿಂದ ಎದ್ದು ನಿಲ್ಲಲು ಹೋಗಿ ಮಗ್ಗದ ಕಂಬ ಹಿಡಿದು ಕೂತುಬಿಟ್ಟೆ. ನಮ್ಮ ಮನೆಯವರು ಮಾತು ಕಡಿಮೆಯ ಮನುಷ್ಯ. ಅವತ್ತು ಮಾತ್ರ ಚಪ್ಪಲಿ ಮೆಟ್ಟಿಯೇ ಎದುರಿಗೆ ಬಂದು ನಿಂತರು.

"ನಡಿ, ದವಾಖಾನಿಗೆ."

"ಏನಾಗೇತ್ರಿ ನನಗ? ದಣಿವು ಅಷ್ಟ."

"ದಣಿವೋ ಏನೋ ಅಂತ ಅವರು ಹೇಳ್ಲಿ. ನೀ ಡಾಕ್ಟರ್ ಅಲ್ಲ."

ಕೊಪ್ಪಳದಲ್ಲಿ ಒಬ್ಬ ಯುವ ಡಾಕ್ಟರರ ಸಣ್ಣ ಆಸ್ಪತ್ರೆಗೆ ಹೋದೆವು. ಎಕ್ಸ್‌ರೇ ಆಯಿತು. ಕಫ ಕೊಡಿ ಎಂದು ನರ್ಸ್ ಪ್ಲಾಸ್ಟಿಕ್ ಡಬ್ಬಿ ಕೈಗಿತ್ತಳು. ನನಗೆ ಬರಲೇ ಇಲ್ಲ. ಆ ಹುಡುಗಿ ಬೆನ್ನು ತಟ್ಟಿ, "ಕೆಮ್ರಿ ಅವ್ವಾರ, ನಾಚಬ್ಯಾಡ್ರಿ, ಜೋರಾಗಿ ಕೆಮ್ರಿ" ಅಂದಳು. ವರ್ಷದಿಂದ ನುಂಗಿಕೊಂಡು ಬಂದವಳಿಗೆ ಜೋರಾಗಿ ಕೆಮ್ಮು ಎಂದು ಹೇಳಿದ ಮೊದಲನೆಯವಳು ಅವಳೇ. ಕೆಮ್ಮಿದೆ ನೋಡಿ, ಹೊರಗೆ ಬೆಂಚಿನ ಮೇಲೆ ಕೂತಿದ್ದವರು ಎದ್ದು ದೂರ ಸರಿದರು.

ಮೂರನೆಯ ದಿನ ರಿಪೋರ್ಟು. ಎ.ಎಫ್.ಬಿ. ಪಾಸಿಟಿವ್.

"ಟಿಬಿ" ಅಂದರು ಡಾಕ್ಟರ್.

ನಮ್ಮ ಮನೆಯವರು ಗೋಡೆ ನೋಡುತ್ತ, "ನಮ್ಮಪ್ಪಗ ಆಗಿತ್ತಲ್ರಿ, ಅದಾ?" ಎಂದು ಕೇಳಿದರು. "ಈಗ ಹೆದ್ರೂದೇನಿಲ್ರಿ, ಆರು ತಿಂಗಳು ಗುಳಿಗಿ ತಪ್ಪದ ತಗೊಂಡ್ರ ಪೂರ್ತಿ ಹೋಗ್ತೈತಿ" ಎಂದು ಡಾಕ್ಟರ್ ಸಮಾಧಾನವಾಗಿಯೇ ಹೇಳಿದರು. ಅವರು ಇನ್ನೂ ಏನೇನೋ ಹೇಳಿದರು. ನಾನು ಬೆರಳು ಎಣಿಸುತ್ತಿದ್ದೆ. ಸುಜಾತಾಳಿಗೆ ಆಗ ಐದು ತಿಂಗಳು. ಆರು ತಿಂಗಳ ಗುಳಿಗೆ ಮುಗಿಯುವ ಮೊದಲೇ ಕೂಸು ಹುಟ್ಟಿರುತ್ತದೆ.

ಅವತ್ತು ಮನೆಗೆ ಬಂದವಳು ನೀರೂ ಕುಡಿಯದೆ ಟ್ರಂಕು ತೆಗೆದೆ. ಮೇಲೆಯೇ ಇತ್ತು ಸೀರೆ, ಮಡಿಕೆ ಮುರಿಯದ್ದು. ಆ ಸೀರೆಯ ಹೊಕ್ಕಿನ, ಅಂದರೆ ಅಡ್ಡ ಎಳೆಯ, ಒಂದೊಂದು ಕಂಡಿಕೆಯ ದಾರವೂ ನನ್ನ ಬಾಯಿಯ ಉಸಿರಿನಿಂದ ಬಂದದ್ದು. ಅದನ್ನು ಬಸುರಿ ಹೆಂಗಸಿಗೆ ಉಡಿಸುವುದು ಹೇಗೆ? ಡಾಕ್ಟರಿಗೆ ಒಂದು ಮಾತು ಕೇಳಬಹುದಿತ್ತು. ಫೋನು ಕೈಯಲ್ಲೇ ಇತ್ತು. ಕೇಳಲಿಲ್ಲ. ಹಿತ್ತಲಲ್ಲಿ ಒಲೆ ಹೊತ್ತಿಸಿ, ಹಂಡೆ ಇಟ್ಟು, ನೀರು ಕೊತಕೊತ ಕುದಿಯುವಾಗ ಸೀರೆಯನ್ನು ಅದರೊಳಗೆ ಇಳಿಸಿದೆ. ಕೋಲಿನಿಂದ ತಿರುವಿದೆ. ಅರಿವೆಯಲ್ಲಿ ಕೂತಿರುವ ರೋಗ ಕುದ್ದು ಸಾಯಲಿ ಎಂದು.

ಮೂವತ್ತು ವರ್ಷ ಬಣ್ಣದ ದಾರದ ಜೊತೆ ಬದುಕಿದವಳು ನಾನು. ಕೆಂಪು ದಡಿ ಕುದಿನೀರಿಗೆ ಏನಾಗುತ್ತದೆಂದು ನನಗೆ ಗೊತ್ತಿಲ್ಲವೇ? ಗೊತ್ತಿತ್ತು. ಆ ಗಳಿಗೆಯಲ್ಲಿ ಬುದ್ಧಿ ಅದರ ಹತ್ತಿರವೂ ಸುಳಿಯಲಿಲ್ಲ. ಹೊರಗೆ ತೆಗೆದಾಗ ದಡಿಯ ಕೆಂಪು ಹಸಿರಿನೊಳಗೆಲ್ಲ ಇಳಿದು, ಒಡಲು ಕೊಳೆತ ಸೊಪ್ಪಿನ ಬಣ್ಣಕ್ಕೆ ತಿರುಗಿತ್ತು. ಸೆರಗಿನ ರೇಷ್ಮೆ ಮುದುಡಿ ಕೂತಿತ್ತು. ನಮ್ಮ ಮನೆಯವರು ಹಿತ್ತಲ ಬಾಗಿಲಿಗೆ ಬಂದು ನೋಡಿದರು. "ಹುಚ್ಚೀ" ಅಂದರು, ಅಷ್ಟೇ. ನಾನು ಅಲ್ಲೇ ಒಲೆಯ ಮುಂದೆ ಕೂತು ಬೋರಾಡಿ ಅತ್ತೆ.

ಮನೆಯಲ್ಲಿ ನನ್ನನ್ನು ಬೇರೆ ಇಟ್ಟವರು ಯಾರೂ ಇಲ್ಲ. ನಾನೇ ಇಟ್ಟುಕೊಂಡೆ. ತಟ್ಟೆ ಬೇರೆ, ಲೋಟ ಬೇರೆ, ಹಾಸಿಗೆ ಪಡಸಾಲೆಯ ಮೂಲೆಗೆ. ನಮ್ಮ ಮನೆಯವರು ಚಹಾ ತಂದು ಪಕ್ಕದಲ್ಲಿ ಕೂತರೆ, "ದೂರ ಕುಂದರ್ರಿ, ನಿಮಗೂ ಬೇಕಾಗೈತೇನು?" ಎಂದು ಗದರಿಸುತ್ತಿದ್ದೆ. ಆ ಮನುಷ್ಯ ಎದ್ದು ಎರಡು ಮೊಳ ಸರಿದು ಮತ್ತೆ ಅಲ್ಲೇ ಕೂರುತ್ತಿದ್ದರು. ನನಗೆ ಅಳು, ಸಿಟ್ಟು ಎರಡೂ ಬರುತ್ತಿದ್ದವು. ಹೆಚ್ಚಾಗಿ ಸಿಟ್ಟೇ ಹೊರಗೆ ಬೀಳುತ್ತಿತ್ತು.

ಮಗಳಿಗೆ ಹೇಳಲೇಬೇಕಾಯಿತು. ಅವಳು ಫೋನಿನಲ್ಲಿ ಅತ್ತಳು. ಮರುದಿನ ಬೀಗತಿಯ ಫೋನು ಬಂತು. ಗಂಗಮ್ಮ ಕೆಟ್ಟ ಹೆಂಗಸಲ್ಲ, ಸುತ್ತಿ ಬಳಸಿ ಮಾತಾಡುವವರೂ ಅಲ್ಲ.

"ಬೀಗರ, ನೀವು ಆರಾಮಾಗ್ರಿ ಮೊದ್ಲು. ಕುಬಸಾ, ಬಾಣಂತನಾ ಎಲ್ಲಾ ನಮ್ಮಲ್ಲೇ ಮಾಡ್ತೀವಿ. ನೀವು ಬರೂದು ಬ್ಯಾಡ್ರಿ."

"ಹೌದ್ರಿ ಅಕ್ಕಾರ. ನಾನೂ ಅದನ್ನ ಹೇಳೋಣಂತ ಇದ್ದೆ" ಅಂದೆ.

ಹೇಳೋಣಂತ ಇರಲಿಲ್ಲ. ಸುಳ್ಳು. ಫೋನು ಇಟ್ಟ ಮೇಲೆ ಬಾಣಂತಿಗೆಂದು ಸುಣ್ಣ ಬಳಿಸಿದ್ದ ಕೋಣೆಯ ಬಾಗಿಲು ಎಳೆದು ಚಿಲಕ ಹಾಕಿದೆ.

ಗುಳಿಗೆಗಳು ದೊಡ್ಡವು. ಮೂತ್ರ ಕಿತ್ತಳೆ ಬಣ್ಣಕ್ಕೆ ಬಂತು, ಬೆವರಿನಿಂದ ಕುಪ್ಪಸದ ಕಂಕುಳೂ ಅದೇ ಬಣ್ಣ. ಬಾಯಿಗೆ ರುಚಿ ಇಲ್ಲ. ರೊಟ್ಟಿಯ ವಾಸನೆಗೆ ವಾಕರಿಕೆ. ಎಲ್ಲವನ್ನೂ ತಡೆದುಕೊಂಡೆ, ಯಾಕೆಂದರೆ ಎರಡು ತಿಂಗಳಿಗೆ ಕಫದಲ್ಲಿ ಹುಳ ಹೋದರೆ ಹರಡುವುದಿಲ್ಲ ಎಂದು ಡಾಕ್ಟರ್ ಹೇಳಿದ್ದರು. ಎರಡು ತಿಂಗಳಿಗೆ ಸುಜಾತಾಳಿಗೆ ಏಳು. ಕುಬಸಕ್ಕೆ ಹೋಗಲಾಗದಿದ್ದರೂ ಹೆರಿಗೆಗಾದರೂ ಕರೆತರಬಹುದು. ಆ ಒಂದು ಲೆಕ್ಕವನ್ನು ಹಿಡಿದುಕೊಂಡು ಗುಳಿಗೆ ನುಂಗಿದೆ.

ಕುಬಸದ ದಿನ ಅಳಿಯ ವಿಡಿಯೋ ಹಚ್ಚಿ ತೋರಿಸಿದ. ಮಗಳು ಅಂಗಡಿಯ ಹಸಿರು ಸೀರೆ ಉಟ್ಟಿದ್ದಳು. ಛಲೋ ಇತ್ತು ಸೀರೆ. ನೇಯ್ಗೆಯೂ ಒಳ್ಳೆಯದೇ. ಅವಳು ಎರಡೂ ಕೈ ಎತ್ತಿ ಬಳೆ ತೋರಿಸಿದಳು, ನಾನು ನಕ್ಕೆ, ಫೋನನ್ನು ನಮ್ಮ ಮನೆಯವರ ಕೈಗೆ ಕೊಟ್ಟು ಬಚ್ಚಲಿಗೆ ಹೋದೆ.

ಅದೇ ವಾರ ಮತ್ತೆ ಕಫ ಪರೀಕ್ಷೆ.

ಪಾಸಿಟಿವ್. ಎರಡು ತಿಂಗಳ ಹಿಂದೆ ಇದ್ದಷ್ಟೇ.

ಡಾಕ್ಟರ್ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಅವ್ವಾರ, ಬ್ಯಾಸರ ಮಾಡ್ಕೋಬ್ಯಾಡ್ರಿ. ಗುಳಿಗಿ ನಡುವ ಎಲ್ಯಾರ ಬಿಟ್ಟೀರೇನ್ರಿ?"

ನನಗೆ ಎಲ್ಲಿತ್ತೋ ಸಿಟ್ಟು. ಚೀಲದಲ್ಲಿ ಒಂದೂ ಬಿಸಾಡದೆ ಇಟ್ಟುಕೊಂಡಿದ್ದ ಖಾಲಿ ಗುಳಿಗೆ ಹಾಳೆಗಳನ್ನೆಲ್ಲ ಅವರ ಮೇಜಿನ ಮೇಲೆ ಸುರಿದೆ. "ಎಣಿಸಿಕೊಳ್ರಿ. ನನ್ನ ಮಗಳ ಬಾಣಂತನ ಬಿಟ್ಟೀನಿ, ಗುಳಿಗಿ ಬಿಟ್ಟಿಲ್ಲ." ನಮ್ಮ ಮನೆಯವರು ನನ್ನ ಮೊಣಕೈ ಹಿಡಿದು ಜಗ್ಗಿದರು. ಪಾಪ, ಡಾಕ್ಟರ್ ಸಿಟ್ಟಾಗಲಿಲ್ಲ. ಹಾಳೆಗಳನ್ನು ಒಂದೊಂದಾಗಿ ಜೋಡಿಸಿಟ್ಟರು. ಆಮೇಲೆ, "ಹಂಗಾರ ನಾವು ಬ್ಯಾರೆ ಏನೋ ನೋಡಬೇಕು" ಅಂದರು.

ಇನ್ನೊಂದು ಪರೀಕ್ಷೆ ಮಾಡಿಸಿದರು. ಟಿಬಿ ಹುಳದ ಗುರುತು ಹಿಡಿಯುವ ಮಶಿನ್ನಿನ ಪರೀಕ್ಷೆ. ಸೂಕ್ಷ್ಮದರ್ಶಕದಲ್ಲಿ ಹುಳ ಕಾಣುತ್ತದೆ, ಮಶಿನ್ನು ಮಾತ್ರ ಟಿಬಿ ಇಲ್ಲ ಅನ್ನುತ್ತದೆ. ಗುಳಿಗೆಗೆ ಬಗ್ಗದ ಟಿಬಿ ಇದ್ದರೂ ಇರಬಹುದು, ಬೇರೆಯೇ ಇದ್ದರೂ ಇರಬಹುದು, ನನ್ನ ಕೈಲಿ ಇಷ್ಟೇ ಆಗುವುದು, ಹುಬ್ಬಳ್ಳಿಗೆ ಹೋಗಿ ಎಂದು ಚೀಟಿ ಬರೆದರು. ತಮಗೆ ಗೊತ್ತಿಲ್ಲ ಎಂದು ಬಾಯಿಬಿಟ್ಟು ಹೇಳಿದ ಆ ಹುಡುಗನ ಮೇಲೆ ನನಗೆ ಈಗ ಗೌರವವಿದೆ. ಆಗ ಇರಲಿಲ್ಲ. ಗುಳಿಗೆಗೆ ಬಗ್ಗದ ಟಿಬಿ ಎಂಬ ಮಾತು ಕೊಪ್ಪಳದ ಸ್ಟೇಷನ್ನಿನಿಂದ ಹುಬ್ಬಳ್ಳಿಯವರೆಗೆ ರೈಲಿನ ಗಾಲಿಯ ಜೊತೆ ತಲೆಯಲ್ಲಿ ತಿರುಗಿತು. ಕಿಟಕಿಯ ಪಕ್ಕ ಮುಖ ಹೊರಗೆ ಹಾಕಿ ಕೂತಿದ್ದೆ, ಎದುರಿಗಿದ್ದ ಕೂಸಿನ ಕಡೆ ನನ್ನ ಉಸಿರು ಹೋಗದಿರಲಿ ಎಂದು.

ಹುಬ್ಬಳ್ಳಿಯ ಎದೆರೋಗದ ಡಾಕ್ಟರ್ ನನ್ನ ವಯಸ್ಸಿನ ಹೆಂಗಸು. ಸಿ.ಟಿ. ಸ್ಕ್ಯಾನ್ ಮಾಡಿಸಿ, ಆ ಕಪ್ಪು ಬಿಳುಪು ಚಿತ್ರಗಳನ್ನು ಬೆಳಕಿಗೆ ಹಿಡಿದು, ಶ್ವಾಸಕೋಶದ ಕೊಳವೆಗಳು ಅಲ್ಲಲ್ಲಿ ಅಗಲವಾಗಿ ಕಫ ಅಲ್ಲೇ ನಿಲ್ಲುತ್ತಿದೆ ಎಂದು ತೋರಿಸಿದರು. ಆಮೇಲೆ ಚಿತ್ರ ಬದಿಗಿಟ್ಟು ನನ್ನ ಕೆಲಸದ ಬಗ್ಗೆ ಕೇಳಿದರು. ಹೇಳಿದೆ. ಲಾಳಿಯ ಕಣ್ಣಿಗೆ ಬಾಯಿ ಹಚ್ಚುವುದನ್ನೂ ಹೇಳಿದೆ. ಅವರು ಪೆನ್ನು ಕೆಳಗಿಟ್ಟರು.

"ದಾರ ಒಣಾ ಇರ್ತೈತೇನ್ರಿ, ಹಸೀದ?"

"ಹಸೀದ್ರಿ. ಕಂಡಿಕಿ ನೀರಾಗ ನೆನಸಿರ್ತೀವಿ. ಇಲ್ಲಂದ್ರ ದಾರ ಹರೀತೈತಿ."

"ಆ ನೀರು ದಿನಾ ಚೆಲ್ತೀರಿ?"

ನಾನು ನಮ್ಮ ಮನೆಯವರ ಮುಖ ನೋಡಿದೆ. ಅವರು ನನ್ನ ಮುಖ ನೋಡಿದರು. ಕಂಡಿಕೆಯ ಬೋಗುಣಿಯ ನೀರನ್ನು ಯಾರು ಚೆಲ್ಲುತ್ತಾರೆ? ಕಡಿಮೆಯಾದಷ್ಟು ತುಂಬುತ್ತೇವೆ. ನಮ್ಮತ್ತೆಯ ಕಾಲದಿಂದಲೂ ಅಷ್ಟೇ. ಬೋಗುಣಿಯ ಒಳಮೈ ಬೆರಳಾಡಿಸಿದರೆ ಲೋಳೆ ಲೋಳೆ.

ಅದರಿಂದಲೇ ಬಂತೆಂದು ಹೇಳಲಾರೆ, ಸಾಬೀತು ಮಾಡಲೂ ಆಗದು ಅಂದರು ಡಾಕ್ಟರ್. ಟಿಬಿಯ ಬಳಗಕ್ಕೆ ಸೇರಿದ ಬೇರೆ ಹುಳಗಳಿವೆಯಂತೆ. ನೀರಿನಲ್ಲಿ, ಮಣ್ಣಿನಲ್ಲಿ, ನಲ್ಲಿಯ ಬಾಯಲ್ಲಿ, ಎಲ್ಲೆಲ್ಲೂ. ಎಲ್ಲರ ಮೈಯೊಳಗೂ ಹೋಗುತ್ತವೆ, ಬರುತ್ತವೆ. ಎದೆ ಮೊದಲೇ ಕೆಟ್ಟಿದ್ದರೆ ಅಲ್ಲಿ ಮನೆ ಮಾಡುತ್ತವೆ. ಎನ್‌ಟಿಎಂ ಎಂದು ಕರೆಯುತ್ತಾರೆ. ಸೂಕ್ಷ್ಮದರ್ಶಕದಲ್ಲಿ ಎರಡೂ ಒಂದೇ ಥರ ಕಾಣುತ್ತವೆ. ಅದೇ ಹೌದೋ ಅಲ್ಲವೋ ತಿಳಿಯಬೇಕಾದರೆ ಕಲ್ಚರ್ ಹಾಕಬೇಕು, ಅಂದರೆ ಕಫದಲ್ಲಿರುವ ಹುಳವನ್ನು ಲ್ಯಾಬಿನಲ್ಲಿ ಬೆಳೆಸಿ ಗುರುತು ಹಿಡಿಯಬೇಕು. ಒಂದು ಸಲ ಸಾಲದು, ಎರಡು ಸಲ. ಆರೇಳು ವಾರ ಹಿಡಿಯುತ್ತದೆ.

"ಕೆಮ್ಮು ನುಂಗ್ತೀರೇನ್ರಿ ನೀವು?" ಎಂದು ಎದ್ದು ಬರುವಾಗ ಕೇಳಿದರು.

ಕಳ್ಳಿ ಸಿಕ್ಕಿಬಿದ್ದ ಹಾಗಾಯಿತು. ಒಪ್ಪಿಕೊಂಡೆ.

"ಇವತ್ತಿಂದ ಬ್ಯಾಡ. ಕಫ ಒಳಗ ನಿಂತಷ್ಟೂ ಅವಕ್ಕ ಛಲೋ. ದಿನಾ ಮುಂಜಾನೆ ಕುಂತು ಕೆಮ್ಮಿ ಹೊರಗ ಹಾಕ್ಬೇಕು. ಓಣಿ ಮಂದಿ ಕೇಳಿದ್ರ ಕೇಳ್ಲಿ."

ಆ ಏಳು ವಾರಗಳನ್ನು ಹೇಗೆ ಕಳೆದೆನೆಂದು ಕೇಳಬೇಡಿ. ಗುಳಿಗೆ ನಿಲ್ಲಿಸಿದ್ದರು. ಗುಳಿಗೆ ಇದ್ದಾಗ ಗುಳಿಗೆಯ ಮೇಲೆ ಸಿಟ್ಟು, ಇಲ್ಲದಾಗ ಒಳಗೆ ಏನು ಬೆಳೆಯುತ್ತಿದೆಯೋ ಎಂಬ ಹೆದರಿಕೆ. ಟಿಬಿ ಅಂದಾಗ ಕನಿಷ್ಠ ಮಾವನವರನ್ನು ನೆನೆದು ಬೈಯಬಹುದಿತ್ತು. ಈಗ ಯಾರನ್ನು ಬೈಯಲಿ? ನಲ್ಲಿಯನ್ನೇ? ನೀರಿನ ಟ್ಯಾಂಕನ್ನು ಮೂರು ಸಲ ತಿಕ್ಕಿಸಿದೆ. ಬೋಗುಣಿಯನ್ನು ಒಡೆದು ಹಾಕಿದೆ. ಕೈತೋಟದ ಮಣ್ಣು ಮುಟ್ಟುವುದನ್ನು ಬಿಟ್ಟೆ. ಕುಡಿಯುವ ನೀರಿರಲಿ, ಕಾಲು ತೊಳೆಯುವ ನೀರನ್ನೂ ಕುದಿಸಿದೆ. ಒಂದು ದಿನ ನಮ್ಮ ಮನೆಯವರು ಕೈ ಮುಗಿದು, "ಗಾಳೀನೂ ಕುದಸ್ತೀಯೇನ ಇನ್ನ?" ಅಂದರು. ನಗು ಬಂತು. ನಗುವಿನ ಹಿಂದೆಯೇ ಕೆಮ್ಮು. ಈ ಸಲ ನುಂಗಲಿಲ್ಲ, ಕಿಟಕಿ ತೆರೆದಿತ್ತು, ತೆರೆದೇ ಇರಲಿ ಎಂದು ಕೆಮ್ಮಿದೆ. ಎದುರುಮನೆಯ ಹೆಂಗಸು ಬಾಗಿಲು ಮುಚ್ಚಿಕೊಂಡಳು.

ಐದನೆಯ ವಾರ ಸುಜಾತಾ ಹಡೆದಳು. ಹೆಣ್ಣು ಕೂಸು. ಕುಷ್ಟಗಿಯಲ್ಲಿ.

ಅಳಿಯನ ಫೋನಿನಲ್ಲಿ ಅಂಗೈಯಗಲದ ಮುಖ ನೋಡಿದೆ. ಕಣ್ಣು ಮುಚ್ಚಿಕೊಂಡು, ತುಟಿ ಮುಂದೆ ಮಾಡಿಕೊಂಡು ಮಲಗಿತ್ತು. ಹಡೆದ ಮಗಳ ಹಣೆ ಒರೆಸಲು ಬೇರೆ ಯಾರದೋ ಕೈ ಬಂತು. ಬಳೆ ನೋಡಿದರೆ ಗಂಗಮ್ಮನವರದು. ನನಗೆ ಹೊಟ್ಟೆಕಿಚ್ಚಾಯಿತು. ಸುಳ್ಳು ಯಾಕೆ ಹೇಳಲಿ, ನನ್ನ ಮಗಳನ್ನು ಅಷ್ಟು ಅಕ್ಕರೆಯಿಂದ ನೋಡಿಕೊಳ್ಳುತ್ತಿದ್ದ ಹೆಂಗಸಿನ ಮೇಲೆ ಹೊಟ್ಟೆಕಿಚ್ಚು. ಹದಿಮೂರನೆಯ ದಿನ ತೊಟ್ಟಿಲಿಗೆ ಹಾಕಿದರು. ಅದನ್ನೂ ಫೋನಿನಲ್ಲೇ ನೋಡಿದೆವು.

ಏಳನೆಯ ವಾರ ಹುಬ್ಬಳ್ಳಿಗೆ ಹೋದಾಗ ಡಾಕ್ಟರ್ ಎರಡು ಕಾಗದ ಮುಂದಿಟ್ಟರು. ಎರಡರಲ್ಲೂ ಒಂದೇ ಹುಳ. ಎನ್‌ಟಿಎಂ. ಟಿಬಿ ಅಲ್ಲವೇ ಅಲ್ಲ.

ಇದು ಟಿಬಿಗಿಂತ ಹಟಮಾರಿ, ಮೂರು ಬಗೆಯ ಗುಳಿಗೆ, ಕಫ ಶುದ್ಧವಾದ ಮೇಲೂ ಒಂದು ವರ್ಷ ತಗೊಳ್ಳಬೇಕು, ಪೂರ್ತಿ ಹೋಗಿಯೂ ಮತ್ತೆ ಬರಬಹುದು, ಒಂದು ಗುಳಿಗೆ ಕಣ್ಣಿಗೆ ಕೆಟ್ಟದ್ದು, ಇನ್ನೊಂದು ಕಿವಿಗೆ ಎಂದು ಅವರು ನಿಧಾನವಾಗಿ ವಿವರಿಸುತ್ತಿದ್ದರು. ನಾನು ನಡುವೆಯೇ ಬಾಯಿ ಹಾಕಿದೆ.

"ಹರಡತೈತೇನ್ರಿ ಇದು?"

"ಇಲ್ರಿ. ಟಿಬಿ ಹರಡಿದಂಗ ಮನಶ್ಯಾರಿಂದ ಮನಶ್ಯಾರಿಗೆ ಇದು ಹರಡೂದಿಲ್ಲ. ನಿಮ್ಮಂಥವರ ಮನ್ಯಾಗ ಯಾರನ್ನೂ ದೂರ ಇಡೂದು ಬೇಕಾಗಿಲ್ಲ."

"ಕೂಸಿಗೆ?"

"ಕೂಸಿಗೂ ಇಲ್ಲ."

"ಸೀರಿಯಿಂದ?"

ಅವರಿಗೆ ಅರ್ಥವಾಗಲಿಲ್ಲ. ನಮ್ಮ ಮನೆಯವರು ತಲೆ ತಗ್ಗಿಸಿಕೊಂಡು ಸೀರೆ ಕುದಿಸಿದ ಕಥೆ ಹೇಳಿದರು. ಡಾಕ್ಟರ್ ನಗಲಿಲ್ಲ. ಟಿಬಿಯೇ ಇದ್ದಿದ್ದರೂ ಅರಿವೆಯಿಂದ ಬರುತ್ತಿರಲಿಲ್ಲ ಅವ್ವಾರ, ಎಂದು ಮೆಲ್ಲಗೆ ಹೇಳಿದರು.

ಇನ್ನೂ ಗಟ್ಟಿ ರೋಗ, ಇನ್ನೂ ಉದ್ದದ ಔಷಧಿ ಎಂದು ಕೇಳಿ ಯಾರಾದರೂ ಸಂತೋಷಪಡುತ್ತಾರೆಯೇ? ನಾನು ಪಟ್ಟೆ. ಕುರ್ಚಿಯ ಮೇಲೆ ಕೂತಲ್ಲೇ ಎರಡೂ ಕೈಯಿಂದ ಮುಖ ಮುಚ್ಚಿಕೊಂಡು, ದೇವರೇ, ನನ್ನಲ್ಲೇ ಇರಲಿ, ನನ್ನಲ್ಲೇ ಮುಗಿಯಲಿ ಅಂದೆ. ಆಮೇಲೆ ಇದನ್ನು ಕನ್ನಡದಲ್ಲಿ ಬರೆದುಕೊಡಿ ಎಂದು ಹಟ ಹಿಡಿದೆ. ಹೊರಗೆ ಬೇರೆ ರೋಗಿಗಳು ಕಾಯುತ್ತಿದ್ದರು. ಆದರೂ ಆ ತಾಯಿ ತಮ್ಮ ಹಾಳೆಯ ಮೇಲೆ ದುಂಡನೆಯ ಅಕ್ಷರದಲ್ಲಿ ನಾಲ್ಕು ಸಾಲು ಬರೆದು ಸಹಿ ಮಾಡಿ, ಮೊಹರು ಒತ್ತಿ ಕೊಟ್ಟರು.

ಹೊಸ ಗುಳಿಗೆ ಶುರುವಾಗಿ ಈಗ ಐದು ತಿಂಗಳು. ಕಣ್ಣಿಗೆ ಕೆಟ್ಟದ್ದೆಂದ ಆ ಗುಳಿಗೆ ಕೆಂಪು ಹಸಿರಿನ ಭೇದ ಅಳಿಸಬಹುದೆಂದು ಹೇಳಿದ್ದರಿಂದ ತಿಂಗಳಿಗೊಮ್ಮೆ ಕಣ್ಣು ತೋರಿಸುತ್ತೇನೆ, ಮನೆಯಲ್ಲಿ ದಿನಾ ಮುಂಜಾನೆ ದಾರದ ಉಂಡೆಗಳನ್ನು ಬಿಸಿಲಿಗಿಟ್ಟು ನೋಡಿಕೊಳ್ಳುತ್ತೇನೆ. ಮೋಡದ ದಿನ ಕುಂಕುಮಗೆಂಪು ಕಂದುಬಣ್ಣವಾಗಿ ಕಂಡರೆ, "ಏನ್ರೀ, ಇದು ಕೆಂಪ ಅಲ್ಲೇನ್ರಿ?" ಎಂದು ಕೂಗುತ್ತೇನೆ. ಅವರು ಹೌದನ್ನುವವರೆಗೆ ಉಂಡೆ ಕೆಳಗಿಡುವುದಿಲ್ಲ. ಬಣ್ಣ ತಿಳಿಯದ ನೇಕಾರತಿಯನ್ನು ಇಟ್ಟುಕೊಂಡು ಏನು ಮಾಡುತ್ತಾರೆ? ಮಗ್ಗಕ್ಕೆ ದಿನಕ್ಕೆ ಒಂದು ತಾಸು ಕೂರುತ್ತೇನೆ. ಲಾಳಿಗೆ ದಾರ ಪೋಣಿಸಲು ತಂತಿಯ ಕೊಕ್ಕೆ ಮಾಡಿಕೊಂಡಿದ್ದೇನೆ, ಕೈ ಇನ್ನೂ ಪಳಗಿಲ್ಲ. ಮುಂಜಾನೆ ಎದ್ದು ಕೂತು, ಉಸಿರು ಎಳೆದು, ಓಣಿಗೆಲ್ಲ ಕೇಳುವ ಹಾಗೆ ಕೆಮ್ಮುತ್ತೇನೆ. ಮೊನ್ನೆಯ ಕಫದ ಕಲ್ಚರ್ ಇನ್ನೂ ಬಂದಿಲ್ಲ. ಶುದ್ಧವಾಗಿ ಬಂದರೆ ಅಲ್ಲಿಂದ ವರ್ಷದ ಎಣಿಕೆ ಶುರು. ಬರದಿದ್ದರೆ ಏನು ಎಂಬುದನ್ನು ನಾನು ಕೇಳಿಲ್ಲ.

ಕುಷ್ಟಗಿಗೆ ಹೋದದ್ದು ಕೂಸಿಗೆ ಮೂರನೆಯ ತಿಂಗಳಲ್ಲಿ. ಡಾಕ್ಟರ್ ಕೊಟ್ಟ ಕಾಗದ ಮೊದಲೇ ಅಳಿಯನ ಫೋನಿಗೆ ಕಳಿಸಿದ್ದೆ. ಆದರೂ ಅಸಲು ಕಾಗದವನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಎದೆಗೆ ಅವುಚಿಕೊಂಡು ಬಸ್ಸು ಹತ್ತಿದೆ. ಗಂಗಮ್ಮನವರು ಕಟ್ಟೆಯ ಮೇಲೆ ಕೂತು ಅದನ್ನು ಎರಡು ಸಲ ಓದಿದರು. ಆಮೇಲೆ ನನ್ನ ಗುಳಿಗೆ ಡಬ್ಬಿ ಕೇಳಿದರು.

"ಬೀಗರ, ತಪ್ಪ ತಿಳೀಬ್ಯಾಡ್ರಿ. ಈ ಕೆಂಪು ಗುಳಿಗಿ ಟಿಬೀದ ಅಲ್ರಿ? ನಮ್ಮ ತಂಗಿ ತಗೋತಿದ್ಲು. ನಂಗ ಗೊತ್ತೈತಿ."

"ಹೌದ್ರಿ. ಗುಳಿಗಿ ಅದ. ರೋಗ ಬ್ಯಾರೆ."

"ಗುಳಿಗಿ ಅದ ಇದ್ರ ರೋಗ ಬ್ಯಾರೆ ಹೆಂಗ್ರಿ?"

"ನಂಗೂ ಪೂರ್ತಿ ತಿಳಿದಿಲ್ರಿ ಅಕ್ಕಾರ. ಅವ್ರು ಬರದು ಕೊಟ್ಟಾರ, ನಾ ನಂಬೀನಿ. ನಿಮಗ ಬ್ಯಾಡ ಅನಿಸಿದ್ರ ಇಲ್ಲೇ ಕಟ್ಟಿ ಮ್ಯಾಲಿಂದ ನೋಡಿ ಹೋಗ್ತೀನಿ."

ಗಂಗಮ್ಮನವರು ಡಬ್ಬಿಯನ್ನು ನನ್ನ ಕೈಗೆ ವಾಪಸು ಕೊಟ್ಟರು. ಅವರ ತಂಗಿ ಎರಡು ಮಕ್ಕಳನ್ನು ಬಿಟ್ಟು ಟಿಬಿಯಲ್ಲಿ ತೀರಿಹೋದ ಸಂಗತಿ ನನಗೆ ಆಮೇಲೆ ಗೊತ್ತಾಯಿತು. ಅವರು ಕಣ್ಣು ಒರೆಸಿಕೊಂಡು ಒಳಗೆ ಹೋದರು. ಹೊರಗೆ ಬಂದಾಗ ಅವರ ತೋಳಿನಲ್ಲಿ ಕೂಸಿತ್ತು, ಹಿಂದೆ ಸುಜಾತಾ. ಬಗ್ಗಿ, ಕೂಸನ್ನು ನನ್ನ ಕಡೆ ಚಾಚಿದರು.

ನನ್ನ ಕೈ ಮುಂದೆ ಹೋಗಲಿಲ್ಲ.

"ಬ್ಯಾಡ್ರಿ" ಅಂದೆ. ನಾನೇ ಅಂದೆ. ಅಷ್ಟು ತಿಂಗಳು ಇದಕ್ಕೇ ಹಂಬಲಿಸಿದವಳು ಬೆನ್ನು ಗೋಡೆಗೆ ಒತ್ತಿಕೊಂಡು ಹಿಂದೆ ಸರಿದೆ. ಕಾಗದದ ಮೇಲಿನ ಮಾತು ಗಂಗಮ್ಮನವರಿಗೆ ಸಾಕಾಗಿತ್ತು, ನನಗೆ ಸಾಲದಾಯಿತು. ಸುಜಾತಾಳ ಮುಖ ಕೆಂಪಾಯಿತು.

"ನಮ್ಮತ್ತಿ ಕೊಡಾಕತ್ತಾರ, ನೀ ಒಲ್ಲೆ ಅಂತೀಯೇನವ್ವಾ? ಹಡದಾಗ ನೀ ಇಲ್ಲ, ತೊಟ್ಟಿಲಾಗ ಹಾಕುವಾಗ ನೀ ಇಲ್ಲ. ಇನ್ನೂ ನಾ ಎಷ್ಟ ದಿನ ನಿನ್ನ ದಾರಿ ಕಾಯ್ಲಿ?"

ಅವಳೇ ಕೂಸನ್ನು ತೆಗೆದುಕೊಂಡು ನನ್ನ ತೊಡೆಯ ಮೇಲೆ ಮಲಗಿಸಿದಳು. ನನ್ನ ಕೈಯೆತ್ತಿ ಕೂಸಿನ ತಲೆಯ ಕೆಳಗೆ ಇಟ್ಟಳು. ಬೆಚ್ಚಗಿತ್ತು. ಫೋನಿನಲ್ಲಿ ಕಂಡದ್ದಕ್ಕಿಂತ ಭಾರವಿತ್ತು. ಹಾಲಿನ, ಎಣ್ಣೆಯ ವಾಸನೆ. ನಾನು ನೋಡುತ್ತಲೇ ಇದ್ದೆ. ಎದೆ ಬಿಗಿಯತೊಡಗಿತು, ಕಣ್ಣು ಕತ್ತಲೆ ಬಂದ ಹಾಗಾಯಿತು. ಏನಾಗುತ್ತಿದೆಯೆಂದು ನನಗೇ ತಿಳಿಯಲಿಲ್ಲ.

"ಉಸರ ಬಿಡವ್ವಾ" ಅಂದಳು ಸುಜಾತಾ. "ಆಗಿಂದ ಹಿಡಕೊಂಡ ಕುಂತೀ."

ಬಿಟ್ಟೆ. ಕೂಸಿನ ನೆತ್ತಿಯ ಮೇಲಿನ ಎಳೆಗೂದಲು ಆ ಉಸಿರಿಗೆ ಅಲ್ಲಾಡಿತು. ಗಂಗಮ್ಮನವರು ನೋಡುತ್ತಲೇ ನಿಂತಿದ್ದರು, ಕೂಸನ್ನು ವಾಪಸು ಕೇಳಲಿಲ್ಲ. ನಾನು ಮತ್ತೊಮ್ಮೆ ಉಸಿರು ತೆಗೆದುಕೊಂಡು, ಮತ್ತೊಮ್ಮೆ ಬಿಟ್ಟೆ. ಕೂಸು ಏಳಲಿಲ್ಲ.